ಮೊದಲ ದಿನವೇ ತೀರ್ಮಾನ ಬೇಡ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಈ ಪತ್ರ ನಾಯಿ ಸಾಕಿದವರಿಗಾಗಿ, ಅದರಲ್ಲೂ ಮುದಿ ನಾಯಿ ಇರುವ ಮನೆಯವರಿಗಾಗಿ. ಮುದಿ ನಾಯಿ ಇದ್ದಕ್ಕಿದ್ದಂತೆ ತಲೆ ವಾಲಿಸಿ ಬಿದ್ದರೆ, ಲಕ್ವಾ ಎಂದುಕೊಂಡು ಮೊದಲ ದಿನವೇ ಸಾಯಿಸುವ ಇಂಜೆಕ್ಷನ್ ಹಾಕಿಸಬೇಡಿ ಎಂದು ಹೇಳಲು ಬರೆಯುತ್ತಿದ್ದೇನೆ. ವಾಚಕರ ಪತ್ರಕ್ಕೆ ನೀವು ಕೊಡುವ ಜಾಗಕ್ಕಿಂತ ಇದು ಉದ್ದವಾಗಿದೆ ಎಂಬುದು ಗೊತ್ತು. ಆದರೂ ಸಾಧ್ಯವಾದರೆ ಪೂರ್ತಿ ಹಾಕಿ. ಅರ್ಧ ಓದಿದವರು ತಪ್ಪು ತಿಳಿದುಕೊಳ್ಳುವ ವಿಷಯವಿದು.

ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ 34 ವರ್ಷ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು. ಮನೆ ಕೇಶ್ವಾಪುರದಲ್ಲಿ. ನಮ್ಮ ನಾಯಿ ಕೆಂಚನಿಗೆ ಈಗ 13 ವರ್ಷ. ಜಾತಿ ನಾಯಿಯಲ್ಲ, ಗದಗ ರಸ್ತೆಯ ಒಂದು ಚಹಾದಂಗಡಿಯ ಹಿಂದೆ ಹುಟ್ಟಿದ ಮರಿ. ಮಳೆಯಲ್ಲಿ ತೊಯ್ದು ನಡುಗುತ್ತಿದ್ದವನನ್ನು ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಿದ್ದೆ. ಅಂದಿನಿಂದ ಇಂದಿನವರೆಗೂ ಜೋಳದ ರೊಟ್ಟಿ, ಮೊಸರು ತಿಂದು ಬೆಳೆದವನು, ಕಳೆದ ತಿಂಗಳವರೆಗೆ ದವಾಖಾನೆಯ ಮೆಟ್ಟಿಲು ಹತ್ತಿದ್ದು ಲಸಿಕೆಗೆ ಮಾತ್ರ.

ಕಳೆದ ತಿಂಗಳು ಒಂದು ಬೆಳಿಗ್ಗೆ 5.30ರ ಸುಮಾರಿಗೆ ನನ್ನ ಹೆಂಡತಿ ಅಂಗಳಕ್ಕೆ ನೀರು ಹಾಕಲು ಬಾಗಿಲು ತೆಗೆದಳು. ಎಂದಿನಂತೆ ಕೆಂಚ ಅವಳ ಹಿಂದೆಯೇ ಎದ್ದ. ಎರಡು ಹೆಜ್ಜೆ ಇಟ್ಟವನೇ ದೊಪ್ಪನೆ ಬಲಕ್ಕೆ ಬಿದ್ದ. ಎದ್ದ, ಮತ್ತೆ ಬಲಕ್ಕೇ ಬಿದ್ದ. ಮೂರನೇ ಸಲ ಏಳಲು ಹೋಗಿ ಉರುಳಿಕೊಂಡು ಹೋಗಿ ತುಳಸಿಕಟ್ಟೆಗೆ ಬಡಿದುಕೊಂಡ. ಅವಳು ಕೂಗಿದ್ದು ಕೇಳಿ ನಾನು ಓಡಿಬಂದಾಗ ನಾಲ್ಕೂ ಕಾಲು ಅಗಲಿಸಿಕೊಂಡು ನೆಲವನ್ನು ಉಗುರಿನಿಂದ ಹಿಡಿದುಕೊಳ್ಳುವವನ ಹಾಗೆ ಬಿದ್ದಿದ್ದ. ಬಲಗಿವಿ ನೆಲ ಮುಟ್ಟುವಷ್ಟು ತಲೆ ವಾಲಿತ್ತು. ಬಾಯಿಂದ ಜೊಲ್ಲು, ಆಮೇಲೆ ವಾಂತಿ. ಎತ್ತಿ ಎದೆಗೆ ಒತ್ತಿಕೊಂಡರೆ ಅವನ ಎದೆ ಬಡಿತ ನನ್ನ ಅಂಗೈಗೆ ಸುತ್ತಿಗೆಯ ಪೆಟ್ಟಿನಂತೆ ತಾಗುತ್ತಿತ್ತು.

ಆಗ ಕಣ್ಣು ನೋಡಿದೆ. ಇದನ್ನು ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಿ. ಅವನ ಎರಡೂ ಕಣ್ಣುಗುಡ್ಡೆಗಳು ನಿಧಾನವಾಗಿ ಬಲಕ್ಕೆ ಜಾರಿ ಝಟ್ಟನೆ ಎಡಕ್ಕೆ ಜಿಗಿಯುತ್ತಿದ್ದವು. ಮತ್ತೆ ಜಾರುವುದು, ಮತ್ತೆ ಜಿಗಿಯುವುದು. ಓಡುವ ರೈಲಿನ ಕಿಟಕಿಯಲ್ಲಿ ಕೂತು ಹಿಂದೆ ಸರಿಯುವ ಕಂಬಗಳನ್ನು ನೋಡುವವರ ಕಣ್ಣನ್ನು ಎದುರಿನ ಸೀಟಿನಿಂದ ಗಮನಿಸಿದ್ದೀರಾ? ಥೇಟ್ ಹಾಗೆಯೇ. ಮಲಗಿದ ನಾಯಿಗೆ ಇಡೀ ಅಂಗಳವೇ ಓಡುತ್ತಿತ್ತು.

ಅರ್ಧ ಗಂಟೆಯಲ್ಲಿ ಓಣಿಯ ಮಂದಿ ಸೇರಿದರು. ಎಲ್ಲರೂ ಕೆಂಚನನ್ನು ಬಲ್ಲವರೇ, ಎಲ್ಲರದೂ ಒಳ್ಳೆಯ ಮನಸ್ಸೇ. ಒಬ್ಬರು, "ಲಕ್ವಾ ಹೊಡದೈತ್ರಿ, ಇನ್ನ ಏಳಂಗಿಲ್ಲ" ಎಂದರು. ಇನ್ನೊಬ್ಬರು, "ಕಿವ್ಯಾಗ ಏನರ ಹೊಕ್ಕಿರಬೇಕು, ಬಳ್ಳೊಳ್ಳಿ ಹಾಕಿ ಎಣ್ಣಿ ಕಾಸಿ ಬಿಡ್ರಿ" ಎಂದು ಎಣ್ಣೆ ಕಾಸಲು ಮನೆಗೇ ಹೊರಟರು. ಮತ್ತೊಬ್ಬರು ತಮ್ಮ ಮೊಣಕಾಲು ನೋವಿನ ಗುಳಿಗೆ ತಂದುಕೊಟ್ಟರು. ನಾನು ಫೋನ್ ಹಚ್ಚುತ್ತಾ ಕೂತಿದ್ದೆ. ನಾಲ್ಕು ನಂಬರಿಗೆ ಹಚ್ಚಿದೆ. ಮೂವರು ಎತ್ತಲಿಲ್ಲ. ನಾಲ್ಕನೆಯವರು ಎತ್ತಿ, ನಾಯಿಯ ವಯಸ್ಸು ಕೇಳಿ, ಹದಿಮೂರು ಎಂದ ತಕ್ಷಣ, "ಸ್ಟ್ರೋಕ್ ಇರಬೇಕು, ಈ ವಯಸ್ಸಿಗೆ ಯಾಕ ನರಳಸ್ತೀರಿ, ಹತ್ತು ಗಂಟೆಗೆ ಕರಕೊಂಡು ಬರ್ರಿ, ಮಲಗಿಸೋ ಇಂಜೆಕ್ಷನ್ ಹಾಕೋಣ" ಎಂದರು. ನಾಯಿಯನ್ನು ನೋಡಿಯೇ ಇರಲಿಲ್ಲ. ಕಣ್ಣು ಹೇಗಿದೆ, ಕಾಲು ಹೇಗಿದೆ ಎಂದು ಕೇಳಲೂ ಇಲ್ಲ.

ನಾನು ಹೂಂ ಅಂದುಬಿಡುತ್ತಿದ್ದೆ. ಅನ್ನದಿರಲು ಕಾರಣ ಮೋತಿ.

ಮೋತಿ ನಮ್ಮ ಮನೆಯ ಬಿಳಿ ಪಮೇರಿಯನ್. 2016ರ ಶ್ರಾವಣದಲ್ಲಿ, ಅವಳಿಗೆ 12 ತುಂಬಿದ್ದಾಗ, ಹೀಗೇ ಒಂದು ಮುಂಜಾನೆ ತಲೆ ವಾಲಿಸಿ ಬಿದ್ದಿದ್ದಳು. ಕಣ್ಣು ಹೀಗೇ ಓಡುತ್ತಿತ್ತು. ಆಗಲೂ ಎಲ್ಲರೂ ಲಕ್ವಾ ಎಂದರು. ನರಳುವುದನ್ನು ನೋಡಲಾಗದೆ ಮಾರನೇ ದಿನ ಇಂಜೆಕ್ಷನ್ ಹಾಕಿಸಿದೆವು. ನನ್ನ ಕೈಯ ಮೇಲೆಯೇ ತಲೆ ಇಟ್ಟಿದ್ದಳು. ಅವಳ ಕೊರಳಪಟ್ಟಿ ಇಂದಿಗೂ ಅಡುಗೆಮನೆಯ ಮೊಳೆಯಲ್ಲಿದೆ. ಆ ದಿನ ಮಾಡಿದ್ದು ಸರಿಯೇ ಎಂಬ ಪ್ರಶ್ನೆಯನ್ನು ನಾನು ಯಾರಲ್ಲೂ ಕೇಳಿರಲಿಲ್ಲ. ಕೆಂಚ ಅದೇ ಅಂಗಳದಲ್ಲಿ ಅದೇ ರೀತಿ ಬಿದ್ದಾಗ, ಈ ಸಲ ಯಾರಾದರೂ ಕೈಯಿಂದ ಮುಟ್ಟಿ ನೋಡಿ ಹೇಳುವವರೆಗೆ ಒಪ್ಪುವುದಿಲ್ಲ ಎಂದು ಹಟ ಹಿಡಿದೆ.

ಮೊದಲ ಆಟೋದವನು ನಾಯಿ ಎಂದು ಒಲ್ಲೆ ಅಂದ. ಎರಡನೆಯವನು ಹಿಂದಿನ ಸೀಟಿನ ಮೇಲೆ ತಾನೇ ಗೋಣಿಚೀಲ ಹಾಸಿ ಕೂರಿಸಿಕೊಂಡ. ವಿಚಾರಿಸಿಕೊಂಡು ಬೇರೆ ದವಾಖಾನೆಗೆ ಹೋದೆವು. ಅಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಟೇಬಲ್ಲಿನ ಮೇಲೆ ಮಲಗಿಸಿದರೆ ಇನ್ನಷ್ಟು ಹೆದರುತ್ತಾನೆಂದು ನೆಲದ ಮೇಲೆಯೇ ಕೂತು ನೋಡಿದರು. ನಾನು ಜೀವಮಾನವಿಡೀ ಯಂತ್ರ ಬಿಚ್ಚಿ ಜೋಡಿಸಿದವನು, ಯಾರಾದರೂ ಕ್ರಮವಾಗಿ ಕೆಲಸ ಮಾಡಿದರೆ ನನಗೆ ಗೊತ್ತಾಗುತ್ತದೆ. ಮೊದಲು ಪ್ರಶ್ನೆ ಕೇಳಿದರು: ಕಿವಿಗೆ ಏನಾದರೂ ಹಾಕಿದ್ದೀರಾ? ಭೇದಿ ಎಂದು ಗುಳಿಗೆ ಕೊಟ್ಟಿದ್ದೀರಾ? ರೇಬಿಸ್ ಲಸಿಕೆ ಹಾಕಿಸಿ ಎಷ್ಟು ದಿನವಾಯಿತು? ಬೇರೆ ನಾಯಿ ಕಚ್ಚಿತ್ತೇ? ಆಮೇಲೆ ಜ್ವರ ನೋಡಿದರು, ವಸಡಿನ ಬಣ್ಣ ನೋಡಿದರು, ಬ್ಯಾಟರಿ ಹಾಕಿ ಎರಡೂ ಕಿವಿಯ ಒಳಗೆ ತಮಟೆಯವರೆಗೆ ನೋಡಿದರು.

ನನಗೆ ಮರೆಯಲಾಗದ್ದು ಅದರ ನಂತರದ ಪರೀಕ್ಷೆ. ನನ್ನಿಂದ ಕೆಂಚನ ಹೊಟ್ಟೆಗೆ ಆಧಾರ ಕೊಡಿಸಿ ನಿಲ್ಲಿಸಿದರು. ಅವನ ಮುಂಗಾಲಿನ ಪಾದವನ್ನು ಮಡಿಚಿ, ಮೇಲ್ಭಾಗ ನೆಲಕ್ಕೆ ತಾಗುವಂತೆ ಉಲ್ಟಾ ಇಟ್ಟರು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಚ ಪಾದವನ್ನು ಸರಿಮಾಡಿಕೊಂಡ. ಇನ್ನೊಂದು ಕಾಲು, ಹಿಂಗಾಲು ಎರಡು. ನಾಲ್ಕಕ್ಕೂ ಹಾಗೆಯೇ. "ನೋಡ್ರಿ, ತನ್ನ ಪಾದ ಎಲ್ಲಿ ಐತಿ ಅಂತ ಅವನ ಮಿದುಳಿಗೆ ಗೊತ್ತೈತಿ. ಕಣ್ಣು ಅಡ್ಡಡ್ಡ ಓಡಾಕತ್ತಾವು, ಮ್ಯಾಲೆ ಕೆಳಗ ಅಲ್ಲ. ಕರೆದರ ನೋಡ್ತಾನ. ಇದು ಮಿದುಳಿಂದು ಅನಸೂದಿಲ್ಲ, ಒಳಗಿವಿದು" ಎಂದರು. ಮುದಿ ನಾಯಿಗಳಿಗೆ ಹೀಗೆ ಇದ್ದಕ್ಕಿದ್ದಂತೆ ಬರುವ ಕಾಯಿಲೆಗೆ ವೆಸ್ಟಿಬ್ಯುಲರ್ ಡಿಸೀಸ್ ಎಂದು ಹೆಸರಂತೆ. ಬಹಳ ಸಲ ಕಾರಣವೇ ಸಿಗುವುದಿಲ್ಲವಂತೆ. ಇದನ್ನು ಲಕ್ವಾ ಎಂದು ತಿಳಿಯುವವರೇ ಹೆಚ್ಚು ಎಂದರು.

ಅವರು ಹೇಳಿದ್ದನ್ನು ನಾನು ನನ್ನ ಭಾಷೆಯಲ್ಲಿ ಅರ್ಥ ಮಾಡಿಕೊಂಡಿದ್ದು ಹೀಗೆ. ಗೌಂಡಿಯ ಹತ್ತಿರ ರಸಮಟ್ಟ ಇರುತ್ತದಲ್ಲ, ಗಾಜಿನ ನಳಿಗೆಯಲ್ಲಿ ದ್ರವ, ನಡುವೆ ಒಂದು ಗುಳ್ಳೆ. ಪ್ರತಿ ಕಿವಿಯ ಒಳಗೂ ದ್ರವ ತುಂಬಿದ ಅಂಥ ಮೂರು ಕಮಾನು ನಳಿಗೆಗಳಿವೆ, ಒಂದಕ್ಕೊಂದು ಲಂಬವಾಗಿ. ತಲೆ ಎತ್ತ ತಿರುಗಿದರೂ ದ್ರವ ಅಲುಗಿ, ಅಲ್ಲಿನ ನರ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಎಡ, ಬಲ ಎರಡೂ ಕಡೆಯ ಸುದ್ದಿ ತಾಳೆಯಾದರೆ ನೆಟ್ಟಗೆ ನಿಲ್ಲಬಹುದು. ಒಂದು ಕಡೆಯ ಸುದ್ದಿ ನಿಂತುಹೋದರೆ, ಸುಮ್ಮನೆ ಮಲಗಿದ್ದರೂ ತಾನು ಗಿರಗಿರ ತಿರುಗುತ್ತಿದ್ದೇನೆ ಎಂದು ಮಿದುಳು ನಂಬುತ್ತದೆ. ಕೆಂಚನ ಬಲಗಡೆಯ ರಸಮಟ್ಟ ಕೆಟ್ಟಿತ್ತು, ಅದಕ್ಕೇ ಬಲಕ್ಕೆ ಬೀಳುತ್ತಿದ್ದ. ವಾಂತಿಯೂ ಅದರಿಂದಲೇ, ಘಟ್ಟದ ಬಸ್ಸಿನಲ್ಲಿ ನಮಗೆ ಆಗುವ ಹಾಗೆ. ಕಾಲಿನಲ್ಲಿ ಶಕ್ತಿಯೇನೂ ಕಡಿಮೆಯಾಗಿರಲಿಲ್ಲ.

"ಮೊದಲನೇ ದಿನ ನೂರಕ್ಕೆ ನೂರು ಹೇಳಾಕ ಬರಂಗಿಲ್ಲ. 72 ತಾಸು ಕೊಡ್ರಿ. ಇದು ಅದೇ ಆಗಿದ್ದರ ಅಷ್ಟರೊಳಗ ಕಡಿಮಿ ಆಗಾಕ ಹತ್ತತೈತಿ. ಹೆಚ್ಚಾದರ, ಮಂಕಾದರ, ಆಗ ಮಿದುಳಿನ ವಿಚಾರ ಮಾಡೋಣ" ಎಂದು ಹೇಳಿ, ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟು, ಸಲೈನ್ ಹಾಕಿ, ರಕ್ತ ತೆಗೆದುಕೊಂಡು ಮನೆಗೆ ಕಳಿಸಿದರು. ಮೂರು ಸಲದ ಭೇಟಿಗೆ ಎಲ್ಲ ಸೇರಿ ನನಗೆ ಆದ ಖರ್ಚು 1,850 ರೂಪಾಯಿ.

ಆ ಮೂರು ದಿನ ಸುಲಭವಿರಲಿಲ್ಲ. ನಮ್ಮ ಮನೆಗೆ ಮೊದಲು ಶಹಾಬಾದ್ ಕಲ್ಲಿನ ನೆಲವಿತ್ತು. ಮಗ ಹಟ ಮಾಡಿ ಎರಡು ವರ್ಷದ ಹಿಂದೆ ಟೈಲ್ಸ್ ಹಾಕಿಸಿದ. ಮುದಿ ನಾಯಿಯ ಪಾಲಿಗೆ ಟೈಲ್ಸ್ ಎಂದರೆ ಎಣ್ಣೆ ಹಚ್ಚಿದ ತಗಡು. ನನ್ನ ಅವ್ವ ಹೊಲಿದ ಎರಡು ಕೌದಿ ಬಿಡಿಸಿ ಹಾಸಿ, ಸುತ್ತ ದಿಂಬು ಒಟ್ಟಿ, ನಡುವೆ ಮಲಗಿಸಿದೆವು. ಮೆಟ್ಟಿಲಿಗೆ ಕುರ್ಚಿ ಅಡ್ಡ ಇಟ್ಟೆವು. ರಾತ್ರಿ ದೀಪ ಆರಿಸಲಿಲ್ಲ. ಕಿವಿ ಮೋಸ ಮಾಡಿದಾಗ ಕಣ್ಣೇ ಆಧಾರ, ಕತ್ತಲಾದರೆ ಅದೂ ಇಲ್ಲ. ಮೂರು ತಾಸಿಗೊಮ್ಮೆ ಮಗ್ಗುಲು ಬದಲಿಸಿದೆವು. ಹೊಟ್ಟೆಯ ಕೆಳಗೆ ಟಾವೆಲ್ ತೂರಿಸಿ ಜೋಲಿಯ ಹಾಗೆ ಹಿಡಿದು ಅಂಗಳಕ್ಕೆ ಕರೆದೊಯ್ದರೆ ಮೂತ್ರ ಮಾಡುತ್ತಿದ್ದ, ಕೌದಿಯ ಮೇಲೆ ಮಾಡಲು ಒಪ್ಪಲೇ ಇಲ್ಲ. ಮಲಗಿದವನ ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದ್ದರು. ಹಾಗಾಗಿ ಎದೆ ಎತ್ತಿ ಕೂರಿಸಿಕೊಂಡು ಬಟ್ಟಲು ಮೂತಿಯ ಹತ್ತಿರ ಹಿಡಿಯುತ್ತಿದ್ದೆವು. ಮೊದಲ ದಿನ ಒಂದು ಹನಿ ಮುಟ್ಟಲಿಲ್ಲ. ಎರಡನೇ ಸಂಜೆ ನನ್ನ ಹೆಂಡತಿಯ ಅಂಗೈಯಲ್ಲಿದ್ದ ಮೊಸರನ್ನವನ್ನು ನೆಕ್ಕಿದ. ನೆಕ್ಕುವಾಗಲೂ ನಾಲಿಗೆ ಗುರಿ ತಪ್ಪಿ ಅವಳ ಮಣಿಕಟ್ಟಿಗೆ ಹೋಗುತ್ತಿತ್ತು. ಅವಳು ಕೈಯನ್ನೇ ನಾಲಿಗೆ ಹೋದಲ್ಲಿಗೆ ಸರಿಸುತ್ತಿದ್ದಳು.

ನಾನು ಗಡಿಯಾರ ಹಿಡಿದು ಕಣ್ಣಿನ ಜಿಗಿತ ಎಣಿಸುತ್ತಿದ್ದೆ, ಮತ್ತೇನು ಮಾಡಬೇಕೆಂದು ತೋಚದೆ. ಮೊದಲ ದಿನ ನಿಮಿಷಕ್ಕೆ 90ರ ಹತ್ತಿರ. ಎರಡನೇ ಸಂಜೆಗೆ 40. ಮೂರನೇ ದಿನ ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಕಣ್ಣು ನಿಂತಿದ್ದವು. ನನ್ನನ್ನೇ ನೋಡುತ್ತಿದ್ದ. ಬಾಲ ಒಂದು ಸಲ ಕೌದಿಗೆ ಬಡಿಯಿತು.

ಐದನೇ ದಿನ ಗೋಡೆಗೆ ಮೈ ತಾಗಿಸಿಕೊಂಡು ಹಿತ್ತಲವರೆಗೆ ನಡೆದ. ಎಂಟನೇ ದಿನ ಗೇಟಿನವರೆಗೆ. ಮೂರು ವಾರ ಕಳೆಯುವಷ್ಟರಲ್ಲಿ ಹಾಲಿನವನಿಗೆ ಬೊಗಳುವ ಕೆಲಸಕ್ಕೆ ಮರಳಿದ. ತಲೆ ಇನ್ನೂ ಸ್ವಲ್ಪ ಬಲಕ್ಕೆ ವಾಲಿದೆ, ಅದು ಹಾಗೆಯೇ ಉಳಿಯಬಹುದಂತೆ. ಬಾಗಿಲಲ್ಲಿ ತಿರುಗುವಾಗ ಚೌಕಟ್ಟಿಗೆ ಭುಜ ತಾಗುತ್ತದೆ. ಇಷ್ಟೇ.

ಮೋತಿಗೂ ಇದೇ ಆಗಿತ್ತೇ ಎಂದು ಡಾಕ್ಟರಮ್ಮನನ್ನು ಕೇಳಿದೆ. "ನೋಡದ ನಾಯಿ ಬಗ್ಗೆ ನಾನು ಹೇಳಾಕ ಆಗೂದಿಲ್ರಿ" ಎಂದರು. ಅದು ಪ್ರಾಮಾಣಿಕ ಉತ್ತರ. ಆದರೆ ನನ್ನ ಮಟ್ಟಿಗೆ ನಾನು ಉತ್ತರ ಕಂಡುಕೊಂಡಿದ್ದೇನೆ, ಅದಕ್ಕೇ ಈ ಪತ್ರ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ತಡೆಯಿರಿ ಎಂದು ನಾನು ಹೇಳುವುದು ಮಲಗಿಸುವ ಇಂಜೆಕ್ಷನ್ನಿಗೆ, ಡಾಕ್ಟರ ಹತ್ತಿರ ಹೋಗುವುದಕ್ಕಲ್ಲ. ಹೋಗುವುದು ಅದೇ ದಿನವಾಗಬೇಕು. ಏಕೆಂದರೆ ಓಲಾಡಿ ಬಿದ್ದ ನಾಯಿಗಳಿಗೆಲ್ಲ ಒಂದೇ ಕಾಯಿಲೆಯಲ್ಲ, ಕೆಲವಕ್ಕೆ ಒಂದು ದಿನ ಕಳೆದರೂ ಕೆಡುತ್ತದೆ. ಗದಗಿನಲ್ಲಿರುವ ನನ್ನ ತಂಗಿಯ ಮಗನ ಮನೆಯಲ್ಲಿ ಡ್ಯಾಷ್‌ಹೌಂಡ್ ಇದೆ, ಉದ್ದ ಬೆನ್ನಿನ ಗಿಡ್ಡ ಕಾಲಿನ ಜಾತಿ. 5 ವರ್ಷದ್ದಿದ್ದಾಗ ದಿವಾನದಿಂದ ಹಾರಿ ಚೀರಿತು, ಸಂಜೆಗೆ ಹಿಂಗಾಲು ಎಳೆಯತೊಡಗಿತು. ತಲೆ ನೆಟ್ಟಗೇ ಇತ್ತು, ಕಣ್ಣೂ ನೆಟ್ಟಗೇ ಇತ್ತು. ಮನೆಯವರು ಉಳುಕು ಎಂದುಕೊಂಡು ಎಣ್ಣೆ ಹಚ್ಚಿ ಕಾಲು ಜಗ್ಗಿಸಿದರು. ನಾಲ್ಕು ದಿನ ಹಾಗೇ ಹೋಯಿತು. ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿ ಬೆನ್ನುಹುರಿಯನ್ನು ಒತ್ತಿತ್ತು. ಈ ಜಾತಿಗೆ ಅದು ಬಹಳ ಸಾಮಾನ್ಯವಂತೆ. ಆರಂಭದಲ್ಲೇ ತಿಳಿದರೆ, ನೋವು ಕಡಿಮೆ ಇದ್ದರೆ, ಸಣ್ಣ ಪಂಜರದಲ್ಲಿ ನಾಲ್ಕಾರು ವಾರ ಅಲುಗದಂತೆ ಇಟ್ಟರೆ ಎಷ್ಟೋ ನಾಯಿಗಳು ಚೇತರಿಸಿಕೊಳ್ಳುತ್ತವೆ. ಹಿಂಗಾಲಿನ ಬೆರಳನ್ನು ಗಟ್ಟಿಯಾಗಿ ಹಿಂಡಿದರೂ ನೋವಿನ ಅರಿವೇ ಇಲ್ಲದಿದ್ದರೆ ಆಪರೇಷನ್ನಿಗೆ ಗಂಟೆ ಗಂಟೆಯೂ ಮುಖ್ಯ. ಇವರಿಗೆ ಆ ಹೊತ್ತು ಮೀರಿತ್ತು. ಅದಕ್ಕೆ ನಾನು ಅರ್ಧ ಇಂಚಿನ ಪಿವಿಸಿ ಪೈಪು, ಎಲ್ಬೋ, ಮಕ್ಕಳ ಸೈಕಲ್ಲಿನ ಎರಡು ಚಿಕ್ಕ ಗಾಲಿ ಸೇರಿಸಿ ಬಂಡಿ ಮಾಡಿಕೊಟ್ಟೆ. ಓಡಾಡುತ್ತದೆ, ಆದರೆ ಇಂದಿಗೂ ದಿನಕ್ಕೆ ಮೂರು ಸಲ ನನ್ನ ಅಳಿಯ ಅದರ ಹೊಟ್ಟೆ ಒತ್ತಿ ಮೂತ್ರ ತೆಗೆಯಬೇಕು. ತಲೆ ವಾಲಿ ಕಣ್ಣು ಓಡುವುದು ಬೇರೆ, ತಲೆ ನೆಟ್ಟಗಿದ್ದು ಹಿಂಗಾಲು ಎಳೆಯುವುದು ಬೇರೆ. ಎರಡಕ್ಕೂ ಎಣ್ಣೆ ತಿಕ್ಕುವುದು ಔಷಧವಲ್ಲ.

ಉಣ್ಣಿಯಿಂದ ಬರುವ ಜ್ವರದಲ್ಲೂ ನಾಯಿ ಏಳಲಾರದೆ ಬೀಳುತ್ತದೆ. ನಮ್ಮ ಕಡೆ ಉಣ್ಣಿ ಇಲ್ಲದ ನಾಯಿಯೇ ಅಪರೂಪ. ವಸಡು ಬಿಳುಚಿದ್ದರೆ, ಮೈ ಬಿಸಿ ಇದ್ದರೆ, ಮೂಗಿನಲ್ಲಿ ರಕ್ತ ಬಂದರೆ ರಕ್ತಪರೀಕ್ಷೆ ಆಗಲೇಬೇಕು. ಬೇಗ ಹಿಡಿದರೆ ಅದಕ್ಕೆ ಗುಳಿಗೆಯ ಚಿಕಿತ್ಸೆ ಇದೆ. ಭೇದಿಗೆಂದು ಕೊಡುವ ಮೆಟ್ರೊನಿಡಜೋಲ್ ಗುಳಿಗೆಯನ್ನು ಅಳತೆ ಮೀರಿ ಕೊಟ್ಟರೂ ನಾಯಿ ಓಲಾಡುತ್ತದೆಯಂತೆ, ಡಾಕ್ಟರಮ್ಮ ಆ ಪ್ರಶ್ನೆ ಕೇಳಿದ್ದು ಅದಕ್ಕೇ. ಇನ್ನು ಎಣ್ಣೆಯ ಮಾತು. ಕಿವಿಯ ತಮಟೆ ಹರಿದಿದ್ದರೆ, ಸುರಿದದ್ದು ನೇರವಾಗಿ ಒಳಕ್ಕೆ ಇಳಿದು ಇದ್ದ ರಸಮಟ್ಟವನ್ನೂ ಕೆಡಿಸುತ್ತದೆ. ಅಂಗಡಿಯಿಂದ ತಂದ ಕಿವಿಯ ಡ್ರಾಪ್ಸ್ ಕೂಡ ಅಷ್ಟೇ, ತಮಟೆ ನೋಡದೆ ಹಾಕಬಾರದು. ಮನುಷ್ಯರ ನೋವಿನ ಗುಳಿಗೆ, ಐಬುಪ್ರೊಫೆನ್ ಇರಲಿ ಡೈಕ್ಲೋಫೆನಾಕ್ ಇರಲಿ, ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತದೆ. ಆ ದಿನ ನನ್ನ ಕೈಗೆ ಬಂದ ಗುಳಿಗೆಯನ್ನು ಕೊಡದೆ ಜೇಬಿನಲ್ಲಿ ಇಟ್ಟುಕೊಂಡದ್ದು ನಮ್ಮ ಪುಣ್ಯ.

ಮತ್ತೊಂದು, ಇದನ್ನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ. ಲಸಿಕೆ ಹಾಕಿಸದ ನಾಯಿ ಓಲಾಡುತ್ತಿದ್ದರೆ, ಜೊಲ್ಲು ಸುರಿಸುತ್ತಿದ್ದರೆ, ದವಡೆ ಜೋತುಬಿದ್ದಿದ್ದರೆ ಅದರ ಬಾಯಿಗೆ ಕೈ ಹಾಕಬೇಡಿ, ಮಕ್ಕಳನ್ನು ದೂರ ಇಡಿ. ರೇಬಿಸ್ ಕೂಡ ಹೀಗೆಯೇ ಶುರುವಾಗಬಹುದು. ಜೊಲ್ಲು ಗಾಯಕ್ಕೆ ತಾಗಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ತೆಗೆದುಕೊಳ್ಳಿ. ನಾನು ಕೆಂಚನನ್ನು ಎದೆಗೆ ಒತ್ತಿಕೊಳ್ಳಲು ಸಾಧ್ಯವಾದದ್ದು ಪ್ರತಿ ವರ್ಷ ತಪ್ಪದೆ ಲಸಿಕೆ ಹಾಕಿಸಿದ್ದರಿಂದ.

ಅವಳಿ ನಗರದ ಪಶುವೈದ್ಯರಲ್ಲಿ ನನ್ನದು ಒಂದು ವಿನಂತಿ. ಫೋನಿನಲ್ಲಿ ವಯಸ್ಸು ಕೇಳಿ ತೀರ್ಪು ಕೊಡಬೇಡಿ. ನಿಮಗೆ ದಿನಕ್ಕೆ ಹತ್ತು ಕೇಸು, ನಮಗೆ ಇರುವುದು ಒಂದೇ ನಾಯಿ. ನಿಮ್ಮ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿ: ತಲೆ ವಾಲಿ, ಕಣ್ಣು ಅಡ್ಡಡ್ಡ ಓಡುತ್ತಿದ್ದರೆ ಲಕ್ವಾ ಎಂದು ಹೆದರಬೇಡಿ, ಕರೆತನ್ನಿ ಎಂದು. ಇಷ್ಟು ಓದಿದ್ದರೆ ಮೋತಿಯ ವಿಷಯದಲ್ಲಿ ನಾನು ಇನ್ನೆರಡು ದಿನ ಕಾಯುತ್ತಿದ್ದೆ.

ಇನ್ನೊಂದು ವಿನಂತಿ ನಿಮ್ಮ ಪತ್ರಿಕೆಗೆ. ದನಕರುಗಳಿಗೆ 1962 ಎಂಬ ನಂಬರಿದೆ, ಹಳ್ಳಿಗೇ ವಾಹನ ಬರುತ್ತದೆ, ಒಳ್ಳೆಯ ವ್ಯವಸ್ಥೆ. ನಾಯಿ ರಾತ್ರಿ ಬಿದ್ದರೆ ಯಾರ ಬಾಗಿಲು ಬಡಿಯಬೇಕೆಂದು ಹುಬ್ಬಳ್ಳಿ, ಧಾರವಾಡದ ಮನೆಯವರಿಗೆ ಗೊತ್ತಿರಬೇಕು. ಎರಡೂ ಊರಿನ ನಡುವೆ ಇರುವುದು 20 ಕಿಲೋಮೀಟರ್. ಇಲ್ಲಿನ ಡಾಕ್ಟರುಗಳು ಪಾಳಿ ಹಾಕಿಕೊಂಡು ರಾತ್ರಿಗೊಬ್ಬರು ಫೋನ್ ಎತ್ತಿದರೂ ಸಾಕು. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಅಲ್ಲಿ ಕಲಿತ ಹುಡುಗ ಹುಡುಗಿಯರು ಇದರಲ್ಲಿ ಕೈ ಜೋಡಿಸಬಹುದು. ಈ ವಾರದ ಪಾಳಿ ಯಾರದು, ನಂಬರ್ ಯಾವುದು ಎಂಬ ಒಂದು ಸಾಲನ್ನು ನಿಮ್ಮ ಸ್ಥಳೀಯ ಪುಟದ ಮೂಲೆಯಲ್ಲಿ ಹಾಕಿ. ಡಾಕ್ಟರುಗಳು ಒಪ್ಪಿದರೆ ಹೆಸರು, ನಂಬರು ಕೂಡಿಸಿಕೊಂಡು ಬರುವ ಕೆಲಸ ನನ್ನದು. ಸೈಕಲ್ಲಿದೆ, ಹೊತ್ತೂ ಇದೆ. ಪ್ರತಿ ಶನಿವಾರ ಸಂಜೆಯೊಳಗೆ ನಿಮ್ಮ ಕಚೇರಿಗೆ ನಾನೇ ತಂದು ಮುಟ್ಟಿಸುತ್ತೇನೆ.

ಇಂತಿ,
ಒಬ್ಬ ನಿವೃತ್ತ ರೈಲ್ವೆ ಫಿಟ್ಟರ್
ಕೇಶ್ವಾಪುರ, ಹುಬ್ಬಳ್ಳಿ